ಕಾಮಾಲೆ ಎಂದು ಹೇಳಬೇಕಿತ್ತು

ಮಗಳಿಗೆ ಸೀಟು ಸಿಗುವ ಚಾನ್ಸ್ ಎಷ್ಟು ಎಂದು ಕೇಳಿದವರಿಗೆಲ್ಲ ಉದಯಶಂಕರ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದ. ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಕನ್ನಡಕದ ಅಂಗಡಿಗೆ ಫ್ರೇಮು ಬದಲಾಯಿಸಲು ಬಂದಿದ್ದ ಪಿಯು ಲೆಕ್ಚರರ್ ಮುನಿಕೃಷ್ಣ ಅವರಿಗೆ 'ಫಿಫ್ಟಿ ಫಿಫ್ಟಿ ಸಾರ್' ಎಂದಿದ್ದ. ತಾಯಿ ಗಿರಿಜಾಂಬ ಕೇಳಿದಾಗ 'ಸಿಗ್ತದೆ ಬುಡವ್ವ' ಎಂದಿದ್ದ. ಹೆಂಡತಿ ಲತಾಮಣಿಗೆ ಮಾತ್ರ, ಅವಳು ಅಕ್ಕಿ ಆರಿಸುತ್ತ ತಲೆಯೆತ್ತದೆ ಕೇಳಿದ್ದಕ್ಕೋ ಏನೋ, 'ಕಷ್ಟ' ಎಂದುಬಿಟ್ಟಿದ್ದ. ಅವಳು ಆಗಲೂ ತಲೆಯೆತ್ತಿರಲಿಲ್ಲ. ಈಗ ಗೆಳೆಯ ತಾಜ್ ಪಾಷಾನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಂಗಳೂರಿನ ಕಡೆ ಹೊರಟಾಗ ಆ ಮೂರು ಉತ್ತರಗಳೂ ಬೇರೆ ಯಾರೋ ಆಡಿದ ಮಾತಿನ ಹಾಗೆ ಕೇಳಿಸಿದವು. ಹಿಂದಿನ ಸೀಟಿನಲ್ಲಿ ಲತಾಮಣಿಯ ಪಕ್ಕ ಕೂತಿದ್ದ ಮಗಳು ಮಧು ಸೈಕಾಲಜಿ ಓದಬೇಕೆಂದು ಅರ್ಜಿ ಹಾಕಿದ್ದು ಬೆಂಗಳೂರಿನ ಕ್ಯಾಥೊಲಿಕ್ ಕಾಲೇಜೊಂದಕ್ಕೆ. ಸಿಸ್ಟರ್‌ಗಳ ಕಾಲೇಜು ಎಂದು ಮನೆಯಲ್ಲಿ ಅದಕ್ಕೆ ಹೆಸರು ಬಿದ್ದಿತ್ತು. ಒಳ್ಳೊಳ್ಳೆಯ ಅಂಕದವರನ್ನೂ ವಾಪಸ್ಸು ಕಳಿಸುತ್ತಾರೆಂದು ಹೆಸರಾದ ಕಾಲೇಜು. ಪ್ರವೇಶ ಪರೀಕ್ಷೆ ಚೆನ್ನಾಗಿ ಬರೆದಿದ್ದಳು, ಸಂದರ್ಶನಕ್ಕೆ ಕರೆದಿದ್ದರು. ಮಕ್ಕಳನ್ನು ಮಾತಾಡಿಸಿದ ಮೇಲೆ ತಂದೆಯನ್ನೋ ತಾಯಿಯನ್ನೋ ಒಳಗೆ ಕರೆಯುತ್ತಾರಂತೆ. ಲತಾಮಣಿ ಹೈಸ್ಕೂಲು ಮೇಡಂ, ಇಂಗ್ಲಿಷ್ ಬಲ್ಲವಳು, ಹೋಗಬೇಕಾದವಳು ಅವಳೇ. ಆದರೆ ರಾಮನಗರದಲ್ಲಿ ಎಸ್‌ಎಸ್‌ಎಲ್‌ಸಿ ಪತ್ರಿಕೆಗಳ ಮೌಲ್ಯಮಾಪನಕ್ಕೆ ಅವಳನ್ನು ಹಾಕಿದ್ದರು, ರಜೆ ಸಿಕ್ಕಿರಲಿಲ್ಲ, ಅಲ್ಲಿಯ ತನಕ ಮಾತ್ರ ಜೊತೆಗೆ ಬರುತ್ತಿದ್ದಳು. ಅದು ಗೊತ್ತಾದ ದಿನ ಮಧು, 'ಅಂದ್ರೆ ಅಪ್ಪನೇ ಬರೋದಾ?' ಎಂದಿದ್ದಳು. ಸುಮ್ಮನೆ ಕೇಳಿದ್ದು. ಆದರೂ ಆ 'ಅಪ್ಪನೇ' ಎಂಬುದರ ಕೊನೆಯ ಅಕ್ಷರ ಅವನ ಎದೆಯಲ್ಲಿ ಮುಳ್ಳಿನ ತುದಿಯಂತೆ ಮುರಿದುಕೊಂಡು ಉಳಿದಿತ್ತು.

"ಏನ್ಲಾ ಉದಿ, ಇಂಟರ್ವ್ಯೂ ನಿಂದೋ ಮಗೀದೋ? ಮಖ ಯಾಕಂಗ್ ಮಾಡ್ಕಂಡಿದ್ದೀಯ?" ಎಂದ ತಾಜ್ ಪಾಷಾ. ಕೆಂಗಲ್ ಆಂಜನೇಯನ ಗುಡಿ ಹತ್ತಿರ ಬರುತ್ತಲೇ ರೂಢಿಯಂತೆ ಕಾರು ನಿಧಾನ ಮಾಡಿದ. ಲತಾಮಣಿ ಕೈಮುಗಿದಳು. ಉದಯಶಂಕರನೂ ಕೈಮುಗಿದ. ಮುಗಿದ ಕೈ ಹಾಗೇ ಇತ್ತು, ಬೇಡಿಕೊಳ್ಳಲು ಏನೂ ಬಾಯಿಗೆ ಬರಲಿಲ್ಲ. ಸೀಟು ಸಿಗಲಿ ಎಂದು ಬೇಡಬೇಕು, ಅದು ಗೊತ್ತು. ಆದರೆ ಮನಸ್ಸು ಆ ಮಾತಿನ ಹತ್ತಿರ ಹೋಗಿ ಆಡು ನೀರಿಗಿಳಿಯದೆ ನಿಂತ ಹಾಗೆ ನಿಂತುಬಿಟ್ಟಿತು. ಗುಡಿ ಹಿಂದೆ ಹೋಯಿತು. ಅವನು ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡು, ಏನೋ ಕದ್ದವನಂತೆ, ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಅವಳು ಹೊರಗೆ ನೋಡುತ್ತಿದ್ದಳು. ನಿದ್ದೆಗೆಟ್ಟ ಕಣ್ಣು. ಎರಡನೇ ಪಿಯುಸಿಯಲ್ಲಿ ಊರಿಗೆಲ್ಲ ಸಿಹಿ ಹಂಚುವಂಥ ಅಂಕ. ಮೊದಲನೇ ಪಿಯುಸಿಯಲ್ಲಿ ಯಾರಿಗೂ ತೋರಿಸಲಾಗದಂಥದ್ದು. ಅದನ್ನು ಅವರು ಕೇಳಿಯೇ ಕೇಳುತ್ತಾರೆ ಎಂದು ಮುನಿಕೃಷ್ಣ ಹೇಳಿದ್ದರು. 'ಒಂದ್ ವರ್ಷ ಬಿದ್ದು ಒಂದ್ ವರ್ಷ ಎದ್ರೆ, ಬಿದ್ದಿದ್ದನ್ನೇ ಮೊದ್ಲು ಕೇಳ್ತಾರೆ ಉದಯಶಂಕರ್. ಅದೊಂದಕ್ಕೆ ಸರಿಯಾದ ಉತ್ತರ ಇಟ್ಕೊಳ್ಳಿ, ಸಾಕು.'

ಉತ್ತರ ಇತ್ತು. ರಾಮನಗರದಲ್ಲಿ ಇಳಿದ ಲತಾಮಣಿ ಕಾರನ್ನು ಸುತ್ತಿ ಬಂದು ಅವನ ಕಿಟಕಿಗೆ ಬಗ್ಗಿ, ತಾಜ್‌ಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಅದನ್ನೇ ಹೇಳಿದಳು. "ಜಾಂಡೀಸ್. ನೆನಪಿರ್ಲಿ ರೀ. ಇಬ್ರೂ ಒಂದೇ ಹೇಳ್ಬೇಕು. ಒಬ್ರೊಂದು ಒಬ್ರೊಂದು ಹೇಳಿದ್ರೋ, ಮುಗೀತು." ಮಗಳ ಕೆನ್ನೆ ಮುಟ್ಟಿ, ಚೀಲವನ್ನು ಹೆಗಲಿಗೇರಿಸಿಕೊಂಡು ಹೋದಳು.

ಕಾಮಾಲೆ ಎಂದು ಮೊದಲು ಹೇಳಿದವರು ಯಾರೆಂದು ಈಗ ಯೋಚಿಸಿದರೆ ನೆನಪಾಗುವುದಿಲ್ಲ. ತಾಯಿ ಗಿರಿಜಾಂಬಳೇ ಇರಬೇಕು. ಮೊದಲನೇ ಪಿಯುಸಿಯ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಧು ಕಾಲೇಜಿಗೆ ಹೊರಡಲಿಲ್ಲ. ಒಂದು ಜಡೆ ಹೆಣೆದುಕೊಂಡು, ಇನ್ನೊಂದು ಪಾಲಿನ ಕೂದಲನ್ನು ಹಾಗೇ ಬಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತಿದ್ದವಳು ಮಧ್ಯಾಹ್ನವಾದರೂ ಹಾಗೇ ಕೂತಿದ್ದಳು. ಯಾರೂ ಏನೂ ಅಂದಿರಲಿಲ್ಲ, ಯಾವ ಹುಡುಗನ ವಿಷಯವೂ ಇರಲಿಲ್ಲ. ಅದನ್ನು ಅವರು ಎಷ್ಟು ಸಲ ಎಷ್ಟು ಥರ ಕೇಳಿದರೋ. ಮರುದಿನದಿಂದ ಬಾಗಿಲು ಹಾಕಿಕೊಂಡಳು. ಊಟದ ತಟ್ಟೆ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಅವಳು ಸ್ನಾನಕ್ಕೆ ಹೋದ ಒಂದು ದಿನ ಉದಯಶಂಕರ ಪಕ್ಕದ ಅಂಗಡಿಯಿಂದ ದೊಡ್ಡ ಸ್ಕ್ರೂಡ್ರೈವರು ತಂದು, ಕನ್ನಡಕದ ಸಣ್ಣ ಸ್ಕ್ರೂಗಳಿಗೆ ಪಳಗಿದ ಕೈಯಿಂದ, ರೂಮಿನ ಒಳಗಡೆಯ ಅಗುಳಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ಅವಳು ಬಂದು ನೋಡಿದಳು. ಎರಡು ದಿನ ಬಿಟ್ಟು ಅವನು ನೋಡಿದಾಗ ಸ್ಕ್ರೂ ಬಿಚ್ಚಿದ ತೂತುಗಳಿಗೆ ಸೋಪಿನ ಚೂರು ತುಂಬಿದ್ದಳು. ಅದು ಸಿಟ್ಟೋ ನಾಚಿಕೆಯೋ ಅವನು ಕೇಳಲಿಲ್ಲ. ನೆಂಟರು ಕೇಳಿದಾಗ ಕಾಮಾಲೆ ಎಂಬ ಮಾತು ಹುಟ್ಟಿತು. ಹುಟ್ಟಿದ ಮೇಲೆ ಅದನ್ನು ಸಾಕಬೇಕಾಯಿತು. ಮನೆಯಲ್ಲಿ ಒಗ್ಗರಣೆ ನಿಂತಿತು. ಕಣ್ಣು ಹಳದಿಯಾಗಿಲ್ಲವೆಂಬುದನ್ನು ಯಾರಾದರೂ ನೋಡಿಬಿಟ್ಟಾರೆಂದು ಲತಾಮಣಿ ರೂಮಿನ ಲೈಟು ಹಾಕುತ್ತಿರಲಿಲ್ಲ. ಊರಿನವರ ಕಣ್ಣಿಗೆಲ್ಲ ಟಾರ್ಚು ಬಿಟ್ಟು ನೋಡುವ ತಾನು ಮಗಳ ಕಣ್ಣನ್ನು ಕತ್ತಲಲ್ಲಿ ಅಡಗಿಸಿಟ್ಟಿದ್ದು ನೆನೆದರೆ ಅವನಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ತನ್ನ ತವರು ಉಯ್ಯಂಬಳ್ಳಿಯಿಂದ ನೆಲನೆಲ್ಲಿ ಸೊಪ್ಪು ತರಿಸಿ, ಅರೆದು, ಮಜ್ಜಿಗೆಯಲ್ಲಿ ಕದಡಿಕೊಂಡು ಬಂದು ಮಂಚದ ಪಕ್ಕ ಕೂತುಬಿಟ್ಟಿದ್ದಳು. ಕುಡಿಯುವ ತನಕ ಏಳುವುದಿಲ್ಲವೆಂದಳು. ಇಲ್ಲದ ಕಾಯಿಲೆಯ ಕಹಿ ಔಷಧಿಯನ್ನು ಮಗಳು ಮೂಗು ಹಿಡಿದು ಗುಟುಕು ಗುಟುಕಾಗಿ ಕುಡಿಯುವುದನ್ನು ಉದಯಶಂಕರ ಬಾಗಿಲಲ್ಲಿ ನಿಂತು ನೋಡಿದ್ದ. ಆಮೇಲೆ ರಾಮನಗರದ ದೊಡ್ಡ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಸಿಕ್ಕಿದ್ದು, ರಕ್ತ ಪರೀಕ್ಷೆಗೆ ಎಂದು ಹೇಳಿ ವಾರವಾರ ಹೋಗಿದ್ದು, ಮಾತ್ರೆ, ಮಾತು, ಮತ್ತೆ ಮಾತು. ಬೇಸಿಗೆ ಶುರುವಾದ ಮೇಲೆ ಒಂದು ಸಾಯಂಕಾಲ ಅವಳು ತಾನಾಗಿ ಅಂಗಡಿಗೆ ನಡೆದು ಬಂದು, ಸ್ಟೂಲಿನ ಮೇಲೆ ಕೂತು, ಗಾಜುಗಳನ್ನು ಒಂದೊಂದಾಗಿ ಒರೆಸತೊಡಗಿದಳು. ಅವತ್ತಿನಿಂದ ದಿನಾ ಸಾಯಂಕಾಲ. ಅವಳು ಕಣ್ಣೆದುರು ಇದ್ದಾಳೆ ಎಂಬುದೇ ಅವನಿಗೆ ಒಂದು ಅಭ್ಯಾಸವಾಯಿತು. ಬೆಂಗಳೂರಿನ ಹಾಸ್ಟೆಲು ಎಂದರೆ ಅವನ ಕಣ್ಣಿಗೆ ಬರುತ್ತಿದ್ದುದು ಕಟ್ಟಡವಲ್ಲ, ಒಳಗಿನಿಂದ ಹಾಕಿದ ಒಂದು ಬಾಗಿಲು.

ಕಾಲೇಜಿನ ಗೇಟಿನ ಹತ್ತಿರ ತಾಜ್ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಒಳಗೆ ಮರಗಳ ಕೆಳಗೆ, ಕಲ್ಲಿನ ಗುಹೆಯೊಂದರಲ್ಲಿ, ಮೇರಿ ಮಾತೆಯ ಮೂರ್ತಿ ಇತ್ತು. ಮುಂದೆ ಮೇಣದ ಬತ್ತಿಗಳು. ಉದಯಶಂಕರ ಯೋಚಿಸದೆ ಚಪ್ಪಲಿ ಬಿಟ್ಟು ಕೈಮುಗಿದ. ತಿರುಗಿದಾಗ ಬೂಟು ಹಾಕಿಕೊಂಡೇ ನಿಂತಿದ್ದ ಇನ್ಯಾರದೋ ತಂದೆ ಸಣ್ಣಗೆ ನಕ್ಕದ್ದು ಕಾಣಿಸಿತು. ಮಧು ಅದನ್ನು ನೋಡಿದಳೋ ಇಲ್ಲವೋ. ಬೆಳಿಗ್ಗೆ ಹಚ್ಚಿದ್ದ ವಿಭೂತಿಯನ್ನು ಅವನು ಬಿಡದಿ ದಾಟಿದ ಮೇಲೆ ಕರ್ಚೀಫಿನಲ್ಲಿ ಒರೆಸಿಕೊಂಡಿದ್ದ. ಕ್ರಿಶ್ಚಿಯನ್ನರ ಕಾಲೇಜು, ಯಾಕೆ ಸುಮ್ಮನೆ ಎಂದು. ಈಗ ಮೆಟ್ಟಿಲು ಹತ್ತುವಾಗ ಮಧು ಅವನ ಹಣೆ ನೋಡಿ, "ಯಾಕಪ್ಪ ಒರೆಸ್ಕೊಂಡೆ?" ಎಂದಳು. "ಬೆವರು ಕಣವ್ವ" ಎಂದ. ಒಂದು ಸೀಟಿನ ಆಸೆಗೆ ಹಣೆಯನ್ನೂ ಒರೆಸಿಕೊಂಡವನಿಗೆ ತನ್ನ ತಂದೆ ಚನ್ನಬಸವಯ್ಯ ಇದ್ದಿದ್ದರೆ ಏನೂ ಅನ್ನುತ್ತಿರಲಿಲ್ಲ, ಬರೀ ನೋಡುತ್ತಿದ್ದರು. ಆ ನೋಟವನ್ನು ನೆನೆದು ಅವನಿಗೆ ಅಲ್ಲೇ ಮತ್ತೆ ಹಚ್ಚಿಕೊಳ್ಳಬೇಕೆನಿಸಿತು, ವಿಭೂತಿ ಎಲ್ಲಿಂದ ಬರಬೇಕು. ಉದ್ದನೆಯ ಪಡಸಾಲೆಯಲ್ಲಿ ಕುರ್ಚಿಗಳು, ಕುರ್ಚಿಗಳ ತುಂಬ ಇಂಗ್ಲಿಷು. ತಾಯಂದಿರೂ ಮಕ್ಕಳೂ ಇಂಗ್ಲಿಷಿನಲ್ಲೇ ಜಗಳವಾಡುತ್ತಿದ್ದರು. ಮಧು ಅವನ ಕಡೆ ಬಗ್ಗಿ, "ಅಪ್ಪ, ಒಳಗೆ ಇಂಗ್ಲಿಷ್‌ನಲ್ಲೇ ಮಾತಾಡ್ಬೇಕು ಅಂತ ಕಷ್ಟ ಪಡ್ಬೇಡ" ಎಂದಳು. ಒಳ್ಳೆಯದಕ್ಕೇ ಹೇಳಿದ್ದು. ಅವನು ಹೂಂ ಎಂದು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷ್ ವಾಕ್ಯಗಳನ್ನು, ಗಿರಾಕಿ ಬೇಡವೆಂದ ಫ್ರೇಮುಗಳನ್ನು ಎತ್ತಿಡುವಂತೆ, ಒಂದೊಂದಾಗಿ ಒಳಗಿಟ್ಟ.

ಅವಳನ್ನು ಕರೆದರು. ಹೋದವಳು ಬಹಳ ಹೊತ್ತು ಬರಲಿಲ್ಲ. ಅವಳಿಗಿಂತ ಮುಂಚೆ ಹೋದವರು ಬೇಗ ಬೇಗ ಬಂದಿದ್ದರು. ಹೆಚ್ಚು ಹೊತ್ತಾದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಅವನು ಗೋಡೆಯ ಮೇಲಿನ ಶಿಲುಬೆಯನ್ನೂ ಗಡಿಯಾರವನ್ನೂ ನೋಡುತ್ತ ಕೂತ. ಒಳಗೆ ಜಾಂಡೀಸ್ ಎನ್ನುತ್ತಿದ್ದಾಳೆ. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಆ ಮಾತನ್ನು, ನಾವೇ ಕಲಿಸಿದ್ದು. ಬಾಗಿಲು ತೆಗೆದು ಹೊರಗೆ ಬಂದ ಮಧುವಿನ ಮುಖ ಕೆಂಪಾಗಿತ್ತು. ಏನೋ ಹೇಳಲು ಅವನ ಹತ್ತಿರ ಬರುವಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕರೆದರು. ಎದುರುಬದುರಾಗಿ ದಾಟಿಕೊಂಡು ಹೋಗುವಾಗ ಅವಳು ಅವನ ಶರ್ಟಿನ ತೋಳನ್ನು ಒಂದು ಕ್ಷಣ ಹಿಡಿದು ಬಿಟ್ಟಳು. ಎಚ್ಚರ ಎಂದು ಹೇಳಿದ್ದು ಎಂದುಕೊಂಡ.

ಮೇಜಿನ ಆ ಕಡೆ ವಯಸ್ಸಾದ ಸಿಸ್ಟರ್ ಒಬ್ಬರೇ ಇದ್ದರು. ಇಂಗ್ಲಿಷಿನಲ್ಲಿ ಕೂರಲು ಹೇಳಿದರು, ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವನು 'ಮೈ ಡಾಟರ್' ಎಂದು ಶುರುಮಾಡಿ, ಮುಂದಿನ ಮಾತಿಗಾಗಿ ಒಳಗೆಲ್ಲ ತಡಕಿ, ಸಿಗದೆ ನಿಂತ.

"ಕನ್ನಡದಲ್ಲೇ ಹೇಳಿ ಮಾರಾಯ್ರೆ. ನಾನು ಕಾರ್ಕಳದವಳು" ಎಂದರು ಸಿಸ್ಟರ್. ಅಂಗಡಿ, ಮನೆ, ಊರು ಎಂದು ಒಂದೆರಡು ಮಾತಾಯಿತು. ಎದುರಿನ ಹಾಳೆ ಓದಲು ಅವರು ಗದ್ದ ಮೇಲೆತ್ತುತ್ತಿದ್ದರು. ಅವರ ಕನ್ನಡಕದಲ್ಲಿ ಓದುವ ಗಾಜನ್ನು ಯಾರೋ ಬಹಳ ಕೆಳಗೆ ಕೂರಿಸಿದ್ದಾರೆ, ಕತ್ತು ನೋಯುತ್ತಿರಬೇಕು ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಭಯ ಸ್ವಲ್ಪ ತಗ್ಗಿತು. ಆಗಲೇ ಅವರು ಕೇಳಿದರು. "ಸೆಕೆಂಡ್ ಪಿಯುಸಿಯಲ್ಲಿ ಇಷ್ಟು ಒಳ್ಳೆಯ ಅಂಕ ಉಂಟು. ಮೊದಲ ವರ್ಷ ಎಂತ ಆದದ್ದು?"

"ಹುಷಾರಿರ್ಲಿಲ್ಲ ಸಿಸ್ಟರ್."

"ಎಂತ ಆಗಿತ್ತು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವನನ್ನು ನೋಡಿದರು. ಒಂದು ಕಣ್ಣಿನಲ್ಲಿ ಪೊರೆ ಶುರುವಾಗಿತ್ತು. ಆ ಕಣ್ಣಿಗೆ ತಾನು ಮಬ್ಬಾಗಿ ಕಾಣುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಜಾಂಡೀಸ್ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು, ಮಜ್ಜಿಗೆಯಲ್ಲಿ ಕದಡಿದ ಸೊಪ್ಪಿನ ವಾಸನೆಯೂ ಅದರ ಜೊತೆಗೆ ಬಂತು. "ಎಲ್ರಿಗೂ ಜಾಂಡೀಸ್ ಅಂತ ಹೇಳಿದ್ವಿ" ಎಂದ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಅದಲ್ಲ ಸಿಸ್ಟರ್. ಮನಸ್ಸಿಗೆ ಆಗಿತ್ತು. ಬಾಗ್ಲು ಹಾಕ್ಕೊಂಡು ಕೂತ್ಬುಟ್ಟಿದ್ಲು. ತಿಂಗಳುಗಟ್ಲೆ. ಯಾಕೆ ಅಂತ ಅವಳಿಗೂ ಗೊತ್ತಿರ್ಲಿಲ್ಲ, ನಮಗೂ ಗೊತ್ತಾಗ್ಲಿಲ್ಲ. ಈಗ ಸರಿಯಾಗಿದ್ದಾಳೆ, ಡಾಕ್ಟ್ರು ಹಂಗೇ ಹೇಳ್ತಾರೆ. ಓದ್ತಾಳೆ, ನಗ್ತಾಳೆ." ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಿಮ್ ಹಾಸ್ಟೆಲ್‌ನಲ್ಲಿ ಬಾಗ್ಲಿಗೆ ಒಳಗಡೆಯಿಂದ ಅಗುಳಿ ಐತಾ ಸಿಸ್ಟರ್?"

"ಉಂಟು. ಇಲ್ಲದಿದ್ದರೆ ಆಗ್ತದಾ? ಹೆಣ್ಣುಮಕ್ಕಳ ಹಾಸ್ಟೆಲು" ಎಂದರು ಸಿಸ್ಟರ್, ಆಶ್ಚರ್ಯವಿಲ್ಲದ ದನಿಯಲ್ಲಿ. ಎದುರಿನ ಹಾಳೆಯನ್ನು ಪಕ್ಕಕ್ಕೆ ಸರಿಸಿ, "ಅವಳು ಇಲ್ಲಿಗೆ ಬರುವುದು ನಿಮಗೆ ಇಷ್ಟ ಉಂಟಾ?" ಎಂದರು.

ಅವನು ಬಾಯಿ ತೆರೆದ. "ಗೊತ್ತಿಲ್ಲ" ಎಂದ.

ಸಿಸ್ಟರ್ ತಲೆಯಾಡಿಸಿ, ಕನ್ನಡಕ ಹಾಕಿಕೊಂಡು, ಗದ್ದವೆತ್ತಿ ಏನೋ ಬರೆದುಕೊಂಡರು. "ಆಯಿತು. ಹೋಗಿ ಬನ್ನಿ."

ಹೊರಗೆ ಬಂದಾಗ ಮಧು ಎದ್ದು ನಿಂತಿದ್ದಳು. ಏನು ಕೇಳಿದರು ಎಂದು ಅವಳು ಕೇಳುತ್ತಾಳೆ, ಏನು ಹೇಳುವುದು ಎಂದು ಅವನು ಮೆಟ್ಟಿಲಿಳಿಯುವ ತನಕವೂ ಹುಡುಕುತ್ತಿದ್ದ. ಅವಳು ಕೇಳಲೇ ಇಲ್ಲ. ಕಾರು ಹತ್ತಿದ ಮೇಲೆ ತಾಜ್, "ಏನವ್ವ, ಹೆಂಗಾಯ್ತು?" ಎಂದದ್ದಕ್ಕೆ "ಆಯ್ತು ಅಂಕಲ್, ಮಾಮೂಲಿ" ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಅವಳಿಗೆ ತಿಳಿದುಹೋಗಿದೆ ಎಂದುಕೊಂಡ ಉದಯಶಂಕರ. ಮುಖ ನೋಡಿಯೇ ತಿಳಿದುಬಿಟ್ಟಿದೆ. ಕೆಂಗೇರಿಯ ಟ್ರಾಫಿಕ್ಕಿನಲ್ಲಿ ಕಾರು ಅಂಗುಲ ಅಂಗುಲವಾಗಿ ಸರಿಯುತ್ತಿರುವಾಗ ಅವನು ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡ. ನಿಜ ಹೇಳಿದೆ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿರಲಿಲ್ಲ. ಒಂದೂವರೆ ವರ್ಷ ನೆಂಟರ ಮುಂದೆ, ಬೀದಿಯ ಮುಂದೆ, ಆಪ್ತ ಗೆಳೆಯನ ಮುಂದೆ ಹೇಳದ ನಿಜ, ಹೇಳಬಾರದ ಒಂದೇ ಒಂದು ಜಾಗದಲ್ಲಿ ಬಾಯಿಗೆ ಬಂತೇ? ಅದು ನಿಜವೋ, ನಿಜದ ವೇಷ ಹಾಕಿಕೊಂಡು ಬಂದ ಇನ್ನೇನೋ? ಕೆಂಗಲ್ಲಿನಲ್ಲಿ ಮುಗಿದ ಕೈ ಏನನ್ನು ಬೇಡಲಾರದೆ ಹೋಯಿತೋ ಅದನ್ನು ಈ ನಾಲಿಗೆ ಸಾಧಿಸಿಕೊಂಡು ಬಂತು. ಅವಳು ಎರಡನೇ ವರ್ಷ ಬೆಳಗಿನ ಜಾವ ಎದ್ದು ಓದಿದ್ದನ್ನು, ಅನುಮಾನದಿಂದ ನೋಡುವ ಕ್ಲಾಸಿಗೆ ತಲೆ ತಗ್ಗಿಸಿಕೊಂಡು ವಾಪಸ್ಸು ಹೋಗಿದ್ದನ್ನು, ತಾನು ಒಂದು ಅಗುಳಿಯ ಮಾತಿನಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ. ಇನ್ನು ಸಾಯಂಕಾಲ ಅಂಗಡಿಯಲ್ಲಿ ಗಾಜು ಒರೆಸುತ್ತ ಕೂತಿರುತ್ತಾಳೆ, ಅವಳನ್ನು ನೋಡುವುದು ಹೇಗೆ?

ಬಿಡದಿ ಬರುತ್ತಿದ್ದಂತೆ ತಾಜ್ ಪಾಷಾ, "ಉದಿ, ಒಸಿ ಬೈರಮಂಗಲಕ್ಕೆ ಹೋಗ್ಬುಟ್ಟು ಬರಾವ? ನಮ್ ಮುನ್ನೀ ಮನೇಗೆ ಮಾವಿನಹಣ್ಣು ಕೊಡ್ಬೇಕಿತ್ತು" ಎಂದ. ಮುನ್ನೀ ಅವನ ತಂಗಿ, ಅಲ್ಲಿಗೆ ಕೊಟ್ಟಿದ್ದರು. ಅವಳ ಮನೆಯ ಬೀದಿಯಲ್ಲಿ ಪೈಪಿಗೆ ಅಗೆದಿದ್ದರಿಂದ ತಾಜ್ ಕಾರನ್ನು ಕೆರೆ ಏರಿಯ ಹತ್ತಿರ ನಿಲ್ಲಿಸಿ, ಹಣ್ಣಿನ ಚೀಲ ಹೊತ್ತುಕೊಂಡು ಹೋದ. ಕಾರಿನೊಳಗೆ ಕೂರಲಾಗದ ಸೆಕೆ. ಇಬ್ಬರೂ ಇಳಿದು ಏರಿಯ ಮೇಲೆ ನಿಂತರು. ಬೆಂಗಳೂರಿನ ಕೊಳೆಯೆಲ್ಲ ಹರಿದು ಬಂದು ನಿಂತ ನೀರು. ದಡದಲ್ಲಿ ಬಿಳಿಯ ನೊರೆ, ಹೊಟ್ಟೆ ತೊಳಸುವ ವಾಸನೆ. ಅದರ ಆಚೆ ಹಸಿರೋ ಹಸಿರು ಹುಲ್ಲು, ಅದರಲ್ಲಿ ಬೆಳ್ಳಕ್ಕಿಗಳು. ಮಧು ವೇಲಿನಿಂದ ಮೂಗು ಮುಚ್ಚಿಕೊಂಡಳು. ಇನ್ನು ತಡೆಯಲು ಅವನಿಂದಾಗಲಿಲ್ಲ.

"ಮಧು, ನಾನು ಜಾಂಡೀಸ್ ಅನ್ಲಿಲ್ಲ ಕಣವ್ವ."

ಅವಳು ತಿರುಗಿದಳು. ವೇಲಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು. "ಏನಂದೆ?"

"ಇದ್ದದ್ದು ಹೇಳ್ಬುಟ್ಟೆ. ಬಾಗ್ಲು ಹಾಕ್ಕೊಂಡಿದ್ದು, ಎಲ್ಲ."

ಅವಳು ಅವನ ಮುಂಗೈ ಹಿಡಿದಳು. ಉಗುರು ನೆಡುವಷ್ಟು ಗಟ್ಟಿಯಾಗಿ. "ನಿಜವಾಗ್ಲೂ? ಜಾಂಡೀಸ್ ಅಂತ ಒಂದ್ ಸಲನೂ ಅನ್ಲಿಲ್ವಾ?"

"ಎಲ್ರಿಗೂ ಹಂಗಂತ ಸುಳ್ಳು ಹೇಳಿದ್ವಿ ಅಂದೆ."

"ಸದ್ಯ!" ಎಂದಳು ಮಧು. ವೇಲು ಕೆಳಗೆ ಜಾರಿತು, ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡಳು. "ಸದ್ಯ ಕಣಪ್ಪ. ನಾನೂ ಹೇಳ್ಬುಟ್ಟಿದ್ದೆ. ನಿನಗಿಂತ ಮುಂಚೇನೇ. ಹೊರಗೆ ಬಂದು ನಿನಗೆ ಹೇಳೋಣ ಅಂದ್ರೆ ಅಷ್ಟೊತ್ತಿಗೆ ಕರೆದ್ಬುಟ್ರು. ನೀನು ಒಳಗೋಗಿ ಅಮ್ಮ ಹೇಳ್ಕೊಟ್ಟಂಗೆ ಜಾಂಡೀಸ್ ಅಂದ್ಬುಟ್ರೆ? ಅವ್ರ ಎದುರಿಗೆ ನೀನು ಸುಳ್ಳುಗಾರ ಆಗ್ಬುಟ್ಟಿರ್ತೀಯ, ನನ್ನಿಂದ. ಅದನ್ನೇ ಯೋಚ್ನೆ ಮಾಡ್ತಿದ್ದೆ. ಕೇಳೋಕೆ ಧೈರ್ಯ ಆಗ್ಲಿಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಏರಿಯ ಕಲ್ಲಿನ ಮೇಲೆ ಕೂತ. "ನೀನ್ಯಾಕೆ ಹೇಳೋಕೋದೆ?"

"ಸೈಕಾಲಜಿ ಯಾಕೆ ಓದ್ಬೇಕು ಅಂತ ಮೊದ್ಲು ಕೇಳಿದ್ರು. ಆಮೇಲೆ ಫಸ್ಟ್ ಪಿಯು ಯಾಕೆ ಹಂಗಾಯ್ತು ಅಂದ್ರು. ಎರಡಕ್ಕೂ ಉತ್ತರ ಒಂದೇ ಅಲ್ವಾಪ್ಪ?" ಅವಳೂ ಪಕ್ಕದಲ್ಲಿ ಕೂತಳು. "ಒಂದನ್ನ ನಿಜ ಹೇಳಿ ಇನ್ನೊಂದನ್ನ ಸುಳ್ಳು ಹೇಳೋದು ಹೆಂಗೆ?"

ಬೆಳ್ಳಕ್ಕಿಯೊಂದು ಹಾರಿ ಸ್ವಲ್ಪ ದೂರದಲ್ಲಿ ಮತ್ತೆ ಇಳಿಯಿತು. ಇಷ್ಟಕ್ಕೇ ಬಿಟ್ಟರೆ ಅವಳ ಕಣ್ಣಲ್ಲಿ ತಾನು ಒಳ್ಳೆಯವನಾಗಿ ಉಳಿಯುತ್ತೇನೆ ಎಂದು ಅವನಿಗೆ ಗೊತ್ತಿತ್ತು. "ನಾನು ಒಳ್ಳೇದಕ್ಕೆ ಹೇಳಿದ್ನೋ, ನೀನು ಹೋಗ್ದೆ ಇದ್ರೆ ಸಾಕು ಅಂತ ಹೇಳಿದ್ನೋ, ನಂಗೇ ಗೊತ್ತಿಲ್ಲ ಮಧು. ಹಾಸ್ಟೆಲ್‌ನಲ್ಲಿ ಅಗುಳಿ ಐತಾ ಅಂತ ಬೇರೆ ಕೇಳ್ಬುಟ್ಟೆ."

"ಸಿಸ್ಟರ್‌ನ?"

"ಹೂಂ."

ಅವಳು ನಗಲಿಲ್ಲ. ನೊರೆಯನ್ನೇ ನೋಡುತ್ತ, "ಗೊತ್ತು. ಅಂಗಡೀಲಿ ನಾನು ನೀರು ಕುಡಿಯೋಕೆ ಎದ್ರೂ ತಿರುಗಿ ನೋಡ್ತೀಯ" ಎಂದಳು. "ನಂಗೂ ಭಯ ಐತಪ್ಪ. ಮತ್ತೆ ಹಂಗೇ ಆಗ್ಬುಟ್ರೆ ಅಂತ."

"ಹಂಗಾರೆ?"

"ಹಂಗಾರೆ ಏನು? ಭಯ ಐತೆ. ಹೋಗ್ತೀನಿ. ಆದ್ರೆ ಫೋನ್ ಮಾಡ್ತೀನಿ. ಬಾಗ್ಲು ಹಾಕ್ಕೊಳೋ ಮುಂಚೆ ಮಾಡ್ತೀನಿ."

ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಎಷ್ಟೋ ದಿನದ ಮೇಲೆ ಇಟ್ಟ ಕೈ, ಒಂದಿಷ್ಟು ಹೊತ್ತು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಇತ್ತು. ಮಧು ಆಗ ದೊಡ್ಡಲಕ್ಷ್ಮಮ್ಮನ ವಿಷಯ ಹೇಳಿದಳು. ಅವತ್ತು ಸೊಪ್ಪಿನ ಮಜ್ಜಿಗೆ ಕುಡಿಸುವಾಗ ಆ ಮುದುಕಿ ಲೋಟ ಹಿಡಿದುಕೊಂಡು ಕಿವಿಯ ಹತ್ತಿರ ಬಗ್ಗಿ, 'ಕಾಮಾಲೆ ಅಲ್ಲ ಅಂತ ನಂಗೊತ್ತು ಕಣ್ ಮಗ. ಕುಡಿ. ಬಾಯಿ ಕಹಿಯಾದ್ರೆ ಆಮ್ಯಾಕೆ ಒಸಿ ಅನ್ನ ಬೇಕು ಅನ್ಸ್ತದೆ' ಎಂದಿದ್ದಳಂತೆ. "ಅನ್ನಿಸ್ತಾ?" ಎಂದ ಉದಯಶಂಕರ. "ಅವತ್ತು ಇಲ್ಲ. ಮಾರನೇ ದಿನ" ಎಂದಳು. ಅಷ್ಟಕ್ಕೆ ಇಬ್ಬರಿಗೂ ಯಾಕೋ ನಗು ಬಂತು, ಬಂದದ್ದು ನಿಲ್ಲಲಿಲ್ಲ. ತಾಜ್ ಪಾಷಾ ತಂಗಿ ಕೊಟ್ಟ ಡಬ್ಬಿ ಹಿಡಿದುಕೊಂಡು ಬಂದಾಗ ಅವರಿಬ್ಬರೂ ಆ ಗಬ್ಬು ವಾಸನೆಯ ನಡುವೆ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಸೀಟು ಸಿಕ್ತೇನ್ಲಾ?" ಎಂದ. "ಇಲ್ಲ ಕಣ್ಲಾ. ಸಿಗೋದೂ ಡೌಟು" ಎಂದ ಉದಯಶಂಕರ, ಮತ್ತೆ ನಕ್ಕ.

ರಾಮನಗರದಲ್ಲಿ ಲತಾಮಣಿ ಹತ್ತಿದ ಮೇಲೆ ಮಧುವೇ ಎಲ್ಲವನ್ನೂ ಹೇಳಿದಳು, ತಾಜ್ ಇದ್ದಾನೆಂದು ದನಿ ತಗ್ಗಿಸದೆ. ಲತಾಮಣಿ ಕೆಂಪು ಶಾಯಿ ಅಂಟಿದ ಬೆರಳನ್ನು ಸೆರಗಿಗೆ ಒರೆಸುತ್ತ ಕೂತಿದ್ದಳು. ಅವಳಿಗೆ ಸಿಟ್ಟು ಬಂದಿದೆ ಎಂದು ಉದಯಶಂಕರ ಕಾದ. "ಅಂತೂ ಇಬ್ರೂ ಒಂದೇ ಹೇಳಿದ್ರಿ" ಎಂದಳು ಕೊನೆಗೆ. ಅವಳು ಅಳುತ್ತಿದ್ದಳು, ಆದರೆ ಹೆಗಲ ಮೇಲಿದ್ದ ಭಾರದ ಚೀಲವನ್ನು ಕೆಳಗಿಟ್ಟವರು ಉಸಿರು ಬಿಡುವ ಹಾಗೆ. ತಾಜ್ ಪಾಷಾ ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಊರು ಹತ್ತಿರ ಬಂದಾಗ, "ಅಂಗಾರೆ ಜಾಂಡೀಸ್ಗೆ ಒಳ್ಳೇದು ಅಂತ ದಿನಾ ನಾನು ತಂದ್ಕೊಡ್ತಿದ್ದ ಕಬ್ಬಿನಾಲು ಯಾರ್ಲಾ ಕುಡಿದದ್ದು?" ಎಂದ. "ನಾನೇ" ಎಂದ ಉದಯಶಂಕರ. "ಥೂ ನಿನ್ನ" ಎಂದ ತಾಜ್, ಒಂದು ಕೈಯಿಂದ ಅವನ ತೊಡೆಗೆ ಬಲವಾಗಿ ಹೊಡೆದ. ನೋವಾಯಿತು. ಅದೂ ಹಿತವಾಗಿತ್ತು.

ಆಮೇಲಿನ ದಿನಗಳಲ್ಲಿ ಚಾನ್ಸ್ ಎಷ್ಟು ಎಂದು ಕೇಳಿದವರಿಗೆ ಅವನು ಗೊತ್ತಿಲ್ಲ ಎಂದೇ ಹೇಳಿದ. ಹೇಳುವಾಗ ಎದೆಯಲ್ಲಿ ಏನೂ ಚುಚ್ಚುತ್ತಿರಲಿಲ್ಲ. ಮೊದಲ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮಧು ಒಂದು ಮಧ್ಯಾಹ್ನ ಊಟ ಬಿಟ್ಟಳು, ಸಾಯಂಕಾಲ ಅಂಗಡಿಗೆ ಬಂದಳು. ಅವಳು ನೀರು ಕುಡಿಯಲು ಎದ್ದಾಗ ಅವನು ಕತ್ತು ತಿರುಗಿಸದೆ ಇರಲು ಬಹಳ ಕಷ್ಟಪಟ್ಟ. ಮೇ ತಿಂಗಳ ಒಂದು ಬೆಳಿಗ್ಗೆ, ದೊಡ್ಡಮಳೆ ಬರುವ ಹಾಗೆ ಮೋಡ ಕವಿದಿದ್ದಾಗ, ಅಂಗಡಿಯಲ್ಲಿ ಮುನಿಶಾಮಯ್ಯ ಎಂಬ ಹಿರಿಯರೊಬ್ಬರ ಕಣ್ಣಿಗೆ ಪರೀಕ್ಷೆಯ ಫ್ರೇಮು ಹಾಕಿ ಗಾಜು ಬದಲಾಯಿಸುತ್ತಿರುವಾಗ ಫೋನು ಬಂತು. "ಅಪ್ಪ, ಎರಡನೇ ಲಿಸ್ಟ್‌ನಲ್ಲಿ ಐತೆ" ಎಂದಳು ಮಧು. ಹಿಂದೆ ಗಿರಿಜಾಂಬ ಏನೋ ಕೂಗುತ್ತಿದ್ದುದು, ಲತಾಮಣಿ ಅವಳಿಗೆ ಏನೋ ಹೇಳುತ್ತಿದ್ದುದು ಕೇಳಿಸಿತು. "ಹೂಂ" ಎಂದ ಉದಯಶಂಕರ. "ಹೂಂ ಕಣವ್ವ." ಫೋನು ಇಟ್ಟ ಮೇಲೆ ಕಾಯುತ್ತ ನಿಂತ. ನೋವು ಬರುತ್ತದೆ, ಆ ಹಾಕಿದ ಬಾಗಿಲು ಕಣ್ಣ ಮುಂದೆ ಬರುತ್ತದೆ ಎಂದು. ಬಂದದ್ದು ಬೇರೆ, ಬಿಗಿಯಾಗಿ ಮುಚ್ಚಿಕೊಂಡಿದ್ದ ಕೈಯನ್ನು ಯಾರೋ ಮೆಲ್ಲಗೆ ಬಿಡಿಸಿದ ಹಾಗೆ.

"ಏನ್ ಸಾಮಿ, ಕೆಟ್ಟ ಸುದ್ದಿಯಾ?" ಎಂದರು ಮುನಿಶಾಮಯ್ಯ, ಒಂದು ಕಣ್ಣಿಗೆ ಮಾತ್ರ ಗಾಜಿದ್ದ ಆ ದೊಡ್ಡ ಫ್ರೇಮಿನಲ್ಲಿ ಅವನನ್ನು ದಿಟ್ಟಿಸುತ್ತ.

"ಇಲ್ಲ. ನನ್ ಮಗಳಿಗೆ ಬೆಂಗಳೂರಲ್ಲಿ ಸೀಟು ಸಿಕ್ತು" ಎಂದ. ಅಂಗಡಿಯ ಮುಂದೆ ಬಸ್ಸೊಂದು ಹೋಯಿತು, ಗಾಜಿನ ಕಪಾಟು ಸಣ್ಣಗೆ ಅದುರಿತು. "ಹಿಂದೆ ಅವಳಿಗೆ ಕಾಯಿಲೆ ಆಗಿತ್ತು. ಮನಸ್ಸಿನ ಕಾಯಿಲೆ. ರೂಮು ಬಿಟ್ಟು ಬರ್ತಿರ್ಲಿಲ್ಲ. ವಾಸಿಯಾಯ್ತು. ಓದಿದ್ಲು. ಈಗ ಸಿಕ್ತು." ಅಂಗಡಿಯೊಳಗೆ ಆ ಮಾತನ್ನು ಅವನು ಆಡಿದ್ದು ಅದೇ ಮೊದಲು. ಏನೂ ಆಗಲಿಲ್ಲ. ಮಾತು ಆಡಿದಷ್ಟೇ ಇತ್ತು, ದೊಡ್ಡದಾಗಲಿಲ್ಲ.

ಮುನಿಶಾಮಯ್ಯ ಬಾಗಿಲ ಕಡೆ ಒಂದು ಸಲ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿದರು. "ನಮ್ಮ ಸೊಸೇಗೂ ಹಂಗೇ ಆಗದೆ ಸಾಮಿ. ಹೆರಿಗೆ ಆದಾಗ್ಲಿಂದ ಮಗೀನ ಮಖಾನೂ ನೋಡಾಕಿಲ್ಲ. ಮೈಯಾಗೆ ಗಾಳಿ ಸೇರ್ಕಂಡದೆ ಅಂತ ಹೇಳ್ಕಂಡು ತಿರುಗ್ತಾ ಇದ್ದೀವಿ. ಯಾವ ಡಾಕ್ಟ್ರು ಅವ್ರು? ಎಲ್ಲವ್ರೆ?"

ಉದಯಶಂಕರ ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಗೆ ಹಾಕಿ, ಸ್ಟೂಲು ಎಳೆದುಕೊಂಡು, ಅವರ ಎದುರಿಗೆ ಕೂತ.